ಕುದೂರಿನಿಂದ ಹುಲಿಕಲ್ಲಿಗೆ, ಆಲದ ಸಾಲಿನಲ್ಲಿ

ಮಾಗಡಿ ತಾಲ್ಲೂಕಿನ ಉತ್ತರ ಭಾಗದಲ್ಲಿ ಕುದೂರು ಇದೆ. ಹೋಬಳಿ ಕೇಂದ್ರವಾದ್ದರಿಂದ ಪೊಲೀಸ್ ಠಾಣೆ, ಬ್ಯಾಂಕು, ಹೈಸ್ಕೂಲು, ಬಿತ್ತನೆ ಬೀಜದ ಅಂಗಡಿ ಎಲ್ಲವೂ ಇಲ್ಲೇ. ಸುತ್ತಲಿನ ಹಳ್ಳಿಗಳವರು ದಿನ ಬೆಳಗಾದರೆ ಒಂದಲ್ಲ ಒಂದು ಕೆಲಸಕ್ಕೆ ಕುದೂರಿಗೆ ಬರಲೇಬೇಕು. ಊರಿಗೆ ಸಮೀಪದಲ್ಲೇ ಭೈರವನದುರ್ಗದ ಬೆಟ್ಟ, ಅದರ ಮೇಲೆ ಪಾಳೆಯಗಾರರ ಕಾಲದ ಕೋಟೆಯ ಅವಶೇಷ. ಇಲ್ಲಿಂದ ಹುಲಿಕಲ್ ಎಂಬ ಹಳ್ಳಿಗೆ ಒಂದು ರಸ್ತೆ ಹೋಗುತ್ತದೆ. ದೂರ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು. ಆ ರಸ್ತೆಯ ಎರಡೂ ಬದಿಗೆ ಆಲದ ಮರಗಳಿವೆ.

ಆಲಗಳನ್ನು ನೆಟ್ಟವರು ಯಾರೆಂದು ಕನ್ನಡ ಬಲ್ಲವರಿಗೆ ಹೇಳಬೇಕಾಗಿಲ್ಲ. ಸಾಲುಮರದ ತಿಮ್ಮಕ್ಕನ ಹೆಸರು ಶಾಲೆಯ ಪಾಠದಲ್ಲಿದೆ, ಅರಣ್ಯ ಇಲಾಖೆಯ ವೃಕ್ಷೋದ್ಯಾನಗಳ ಬೋರ್ಡಿನಲ್ಲಿದೆ. ಆದರೆ ಹೆಸರು ಕೇಳಿದವರಲ್ಲಿ ಈ ರಸ್ತೆಯಲ್ಲಿ ನಡೆದವರು ಕಡಿಮೆ. ಬಂದವರೂ ಕಾರಿನಿಂದ ಇಳಿದು, ಒಂದು ಬೊಡ್ಡೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಈ ರಸ್ತೆ ವರ್ಷದ ಹನ್ನೆರಡು ತಿಂಗಳೂ ಬೇರೆ ಬೇರೆ. ಒಂದು ದಿನ ನೋಡಿ ಇದನ್ನು ಬಲ್ಲೆ ಎನ್ನಲಾಗದು.

ಮೊದಲು ನೆಲದ ಮಾತು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರನ್ನೇ ಹೊತ್ತ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಶಿಲೆಯ ಪಟ್ಟಿ ಈ ಸೀಮೆಯಲ್ಲಿ ಹಾದುಹೋಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದು. ಸಾವನದುರ್ಗದ ಹೆಬ್ಬಂಡೆ, ರಾಮನಗರದ ಬೆಟ್ಟಗಳು ಎಲ್ಲ ಇದೇ ಕಲ್ಲಿನವು. ಬಂಡೆ ಸವೆದು ಬಂದ ಕೆಮ್ಮಣ್ಣು ಮರಳು ಮರಳಾಗಿ ತೆಳ್ಳಗಿರುತ್ತದೆ. ಬಿದ್ದ ಮಳೆ ಬೇಗ ಇಂಗುತ್ತದೆ, ಇಲ್ಲವೇ ಇಳಿಜಾರು ಹಿಡಿದು ಕೆರೆ ಸೇರುತ್ತದೆ. ಮಳೆಗಾಲ ಮುಗಿದ ಮೂರು ತಿಂಗಳಿಗೆ ಮೇಲ್ಮಣ್ಣು ಒಣಗಿ ಬಿರುಸಾಗುತ್ತದೆ. ಇಂಥ ನೆಲದಲ್ಲಿ ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು ಬರುತ್ತವೆ. ಸಸಿ ನೆಟ್ಟು ಬಿಟ್ಟು ಹೋದರೆ ಮಾತ್ರ ಮೊದಲ ಬೇಸಿಗೆಯನ್ನೇ ಅದು ದಾಟುವುದಿಲ್ಲ. ಈ ಸಾಲಿನ ಕತೆಯೆಲ್ಲ ಇರುವುದು ಆ ಬೇಸಿಗೆಗಳಲ್ಲಿ.

ತಿಮ್ಮಕ್ಕ ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಮದುವೆಯಾಗಿ ಹುಲಿಕಲ್ಲಿಗೆ ಬಂದರು. ಗಂಡ ಬಿಕ್ಕಲು ಚಿಕ್ಕಯ್ಯ. ಇಬ್ಬರೂ ಕೂಲಿ ಮಾಡಿ ಬದುಕಿದವರು. ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕಲ್ಲಿನ ಕ್ವಾರಿಯಲ್ಲೂ ದುಡಿದವರು. ಮಕ್ಕಳಾಗಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಮಕ್ಕಳಿಲ್ಲದ ಹೆಂಗಸು ಏನೇನು ಕೇಳಿಸಿಕೊಳ್ಳಬೇಕಿತ್ತು ಎಂಬುದು ನಮ್ಮ ಹಿರಿಯರಿಗೆಲ್ಲ ಗೊತ್ತು. ಹುಲಿಕಲ್ ಸುತ್ತ ಆಲದ ಮರಗಳಿಗೆ ಕೊರತೆ ಇರಲಿಲ್ಲ. ಅವುಗಳಿಂದಲೇ ಸಸಿ ಮಾಡಿಕೊಂಡು ಕುದೂರಿನ ದಾರಿಯ ಬದಿಯಲ್ಲಿ ನೆಡತೊಡಗಿದರು. ಮೊದಲ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20.

ಈ ಮೂರು ಸಂಖ್ಯೆಗಳನ್ನು ಕೂಡಿ ನೋಡಬೇಕು. ಮೂರನೆಯ ಬೇಸಿಗೆಗೆ ದಾರಿಯ ಮೇಲೆ 45 ಸಸಿಗಳು. ಗಂಡ ಹೆಂಡತಿ ಸೇರಿ ಒಂದು ಸಲಕ್ಕೆ ಹೊರುತ್ತಿದ್ದುದು ನಾಲ್ಕು ಕೊಡ ನೀರು. ಒಂದು ಕೊಡ ಎರಡು ಸಸಿಗೆ ಎಂದಿಟ್ಟುಕೊಂಡರೂ ಒಂದು ಸಲದಲ್ಲಿ ತಣಿಯುವುದು ಎಂಟು ಸಸಿ. ನೀರು ಸಿಗುವ ಬಾವಿ, ಕಟ್ಟೆ ಇದ್ದಲ್ಲಿಂದ ಸಸಿ ಇದ್ದಲ್ಲಿಗೆ ನಡೆಯಬೇಕು. ಸಾಲು ಬೆಳೆದಷ್ಟೂ ನಡಿಗೆಯೂ ಬೆಳೆಯುತ್ತದೆ. ಇದೆಲ್ಲ ಹೊಟ್ಟೆಪಾಡಿನ ಕೂಲಿಯ ಜತೆಗೆ. ಮಳೆ ಹಿಡಿಯುವ ಹೊತ್ತಿಗೇ ನೆಟ್ಟರು, ಬೇರು ಊರುವ ಮೊದಲ ತಿಂಗಳುಗಳಲ್ಲಿ ಆಕಾಶವೇ ನೀರು ಕೊಡಲಿ ಎಂದು. ದನ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಡಿದು ತಂದು ಸುತ್ತ ಬೇಲಿ ಕಟ್ಟಿದರು. ಆಲದ ಎಲೆ ಮೇಕೆಗೆ ಬಲು ಇಷ್ಟ. ಒಂದು ಮಧ್ಯಾಹ್ನ ಬೇಲಿ ಸರಿದರೆ ಎರಡು ವರ್ಷದ ಬೆಳವಣಿಗೆ ಹೋಯಿತು. ನೆಟ್ಟದ್ದು ಒಂದು ದಿನದ ಕೆಲಸ, ಕಾದದ್ದು ವರ್ಷಗಟ್ಟಲೆಯ ಕೆಲಸ. ಗೌರವಿಸಬೇಕಾದದ್ದು ಎರಡನೆಯದನ್ನು ಎಂದು ನನ್ನ ಗಟ್ಟಿ ಅಭಿಪ್ರಾಯ.

ಚಿಕ್ಕಯ್ಯನ ಬಗ್ಗೆ ಇನ್ನೊಂದು ಮಾತು ಸೇರಿಸಲೇಬೇಕು. ಅವರು 1991ರಲ್ಲಿ ತೀರಿಕೊಂಡರು. ರಾಷ್ಟ್ರೀಯ ನಾಗರಿಕ ಪ್ರಶಸ್ತಿ, 1997ರ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 2010ರ ನಾಡೋಜ, 2019ರ ಪದ್ಮಶ್ರೀ ಎಲ್ಲವೂ ಆಮೇಲೆ ಬಂದವು. ರಾಷ್ಟ್ರಪತಿಯವರ ಹಣೆ ಮುಟ್ಟಿ ತಿಮ್ಮಕ್ಕ ಹರಸಿದ ಚಿತ್ರವನ್ನು ದೇಶವೇ ನೋಡಿತು. ಕೊಡಗಳಲ್ಲಿ ಅರ್ಧ ಪಾಲು ಹೊತ್ತವನಿಗೆ ಒಂದು ಶಾಲೂ ಸಿಗಲಿಲ್ಲ. ಈ ರಸ್ತೆಯಲ್ಲಿ ನಡೆಯುವಾಗ ನಾನು ಇಬ್ಬರನ್ನೂ ನೆನೆಯುತ್ತೇನೆ.

ಮರಗಳ ಲೆಕ್ಕಕ್ಕೆ ಬಂದರೆ ಎಲ್ಲರ ಬಾಯಲ್ಲಿ ಇರುವುದು 385. ಕೆಲವು ಬರಹಗಳಲ್ಲಿ 284 ಎಂದೂ ಇದೆ. ಲೆಕ್ಕ ಯಾವುದೇ ಇರಲಿ, ಸಾಲಿನಡಿ ನಡೆದರೆ ನೆರಳು ಕಡಿಯದೆ ಜತೆಗೆ ಬರುವ ಜಾಗಗಳೇ ಹೆಚ್ಚು, ಅಲ್ಲಲ್ಲಿ ಬಿಸಿಲಿನ ಕಿಂಡಿ.

ವರ್ಷವನ್ನು ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ನಾನು ಶಿವರಾತ್ರಿಯಿಂದ ಶುರು ಮಾಡುತ್ತೇನೆ. ಆಲ ಹಸಿರು ಬಿಡದ ಮರ ಎಂದು ಪುಸ್ತಕಗಳು ಹೇಳಿದರೂ ಈ ಒಣ ಸೀಮೆಯಲ್ಲಿ ಅದು ಎಲೆ ಉದುರಿಸುತ್ತದೆ. ಎಲ್ಲ ಮರಗಳೂ ಒಟ್ಟಿಗೆ ಅಲ್ಲ. ಒಂದು ಮರ ಪೂರ್ತಿ ಬೋಳಾಗಿ ನಿಂತಿದ್ದರೆ ಪಕ್ಕದ್ದು ಹಳೆ ಎಲೆ ಹೊತ್ತೇ ಇರುತ್ತದೆ, ಅದರಾಚೆಯದು ಆಗಲೇ ಚಿಗುರಿರುತ್ತದೆ. ಉದುರಿದ ಎಲೆ ದಪ್ಪ, ಚರ್ಮದಂತೆ ಗಟ್ಟಿ. ಬಸ್ಸು ಹೋದಾಗಲೆಲ್ಲ ರಾಶಿ ಎದ್ದು ರಸ್ತೆಯ ಆ ಬದಿಯಿಂದ ಈ ಬದಿಗೆ ಬೀಳುತ್ತದೆ. ಯುಗಾದಿಯ ಹೊತ್ತಿಗೆ ಚಿಗುರು. ಮೊಗ್ಗಿನ ಹೊದಿಕೆ ಕಳಚಿ ಬೀಳುತ್ತದೆ, ಒಳಗಿಂದ ತಾಮ್ರದ ಬಣ್ಣದ ಎಳೆಯ ಎಲೆ ಬಿಚ್ಚಿಕೊಳ್ಳುತ್ತದೆ. ಬೆಳಗಿನ ಏಳು ಗಂಟೆಯ ಬಿಸಿಲು ಆ ಎಲೆಗಳ ಹಿಂದಿನಿಂದ ಬಿದ್ದಾಗ ಟಾರಿನ ಮೇಲೂ ಕೆಂಪು ಛಾಯೆ ಕಾಣುತ್ತದೆ. ಹತ್ತು ಹದಿನೈದು ದಿನಗಳಲ್ಲಿ ಅದು ತಿಳಿಹಸಿರಾಗಿ, ಆಮೇಲೆ ಕಡುಹಸಿರಾಗಿ, ನಡು ಬೇಸಿಗೆಗೆ ಸರಿಯಾಗಿ ಚಪ್ಪರ ತುಂಬುತ್ತದೆ. ಹೊಲಗಳಲ್ಲಿ ಹುಲ್ಲುಕಡ್ಡಿ ಇಲ್ಲದ ಕಾಲದಲ್ಲಿ ಈ ಸಾಲು ಮಾತ್ರ ಹೊಸ ಹಸಿರಿನಲ್ಲಿರುತ್ತದೆ.

ಬೇಸಿಗೆಯ ಮಧ್ಯಾಹ್ನ ಈ ರಸ್ತೆ ಜನರ ರಸ್ತೆ. ಕುದೂರಿನಿಂದ ತಲೆಯ ಮೇಲೆ ಮೂಟೆ ಇಟ್ಟುಕೊಂಡು ಹೊರಟ ಅಜ್ಜಿ ಬೇರಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾಳೆ. ಐಸ್‌ಕ್ಯಾಂಡಿ ಮಾರುವವನು ಸೈಕಲ್ ನಿಲ್ಲಿಸುತ್ತಾನೆ. ಕುರಿ ಮಂದೆ ಮಲಗಿ ಮೆಲುಕು ಹಾಕುತ್ತಿರುತ್ತದೆ, ಕಾಯುವವನು ಟವೆಲ್ ಹಾಸಿಕೊಂಡು ಅಡ್ಡಾಗಿರುತ್ತಾನೆ. ಬಯಲಿನಿಂದ ಸಾಲಿನೊಳಕ್ಕೆ ಕಾಲಿಟ್ಟರೆ ಮೈಗೆ ತಂಪು ತಟ್ಟುತ್ತದೆ. ಎಲೆಗಳು ಉಗಿಯಾಗಿಸುವ ನೀರು ಸುತ್ತಲಿನ ಗಾಳಿಯ ಬಿಸಿಯನ್ನು ಹೀರಿಕೊಳ್ಳುವುದರಿಂದ ಆಗುವ ತಂಪು ಅದು, ಬರಿಯ ನೆರಳಿನದಲ್ಲ. ತಗಡಿನ ಶೆಡ್ಡಿನ ಕೆಳಗೂ ನೆರಳಿರುತ್ತದೆ, ಈ ತಂಪು ಇರುವುದಿಲ್ಲ.

ಹಣ್ಣಿನ ಕಾಲವೂ ಇದೇ. ಆಲದ ಹಣ್ಣು ಬೆರಳ ತುದಿಯಷ್ಟು ದಪ್ಪ, ತೊಟ್ಟಿಲ್ಲದೆ ಜೋಡಿ ಜೋಡಿಯಾಗಿ ರೆಂಬೆಗೇ ಅಂಟಿರುತ್ತದೆ. ಕೆಳಗೆ ಬಿದ್ದದ್ದನ್ನು ಎತ್ತಿ ಉಗುರಿನಿಂದ ಸೀಳಿ ನೋಡಿ. ಒಳಗೆ ಗೋಡೆಗೆ ಒತ್ತಾಗಿ ಅಂಟಿದ ಸಣ್ಣ ಸಣ್ಣ ಹೂಗಳು, ಅವುಗಳ ನಡುವೆ ಸಾಸಿವೆಗಿಂತ ಚಿಕ್ಕ ಕಪ್ಪು ಕಣಜಗಳು. ಯೂಪ್ರಿಸ್ಟಿನಾ ಮಸೋನಿ ಎಂಬ ಈ ಕಣಜವಿಲ್ಲದೆ ಆಲಕ್ಕೆ ಬೀಜ ಕಟ್ಟುವುದಿಲ್ಲ, ಆಲವಿಲ್ಲದೆ ಕಣಜಕ್ಕೆ ಸಂತತಿ ಇಲ್ಲ. ಹೆಣ್ಣು ಕಣಜ ಕಾಯಿಯ ತುದಿಯ ಸೂಜಿಮೊನೆಯಷ್ಟು ಕಿಂಡಿಯಲ್ಲಿ ನುಗ್ಗುವಾಗ ರೆಕ್ಕೆ ಕಳೆದುಕೊಳ್ಳುತ್ತದೆ, ಮೊಟ್ಟೆಯಿಟ್ಟು, ತಂದ ಪರಾಗವನ್ನು ಹೂಗಳಿಗೆ ಹಚ್ಚಿ, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೊರದಾರಿ ಕೊರೆದು ಕೊಡುವುದಷ್ಟೇ ಅವುಗಳ ಕೊನೆಯ ಕೆಲಸ. ಹೊಸ ಹೆಣ್ಣುಗಳು ಪರಾಗ ಹೊತ್ತು ಹಾರಿದರೆ ಅವುಗಳ ಆಯುಸ್ಸು ಒಂದೆರಡು ದಿನ. ಅಷ್ಟರೊಳಗೆ ಬೇರೊಂದು ಮರದಲ್ಲಿ ಸರಿಯಾದ ಹದದ ಎಳೆಕಾಯಿ ಸಿಗಲೇಬೇಕು. ಒಂದೇ ಮರದ ಕಾಯಿಗಳು ಬಹುಮಟ್ಟಿಗೆ ಒಟ್ಟಿಗೆ ಹಣ್ಣಾಗುತ್ತವೆ, ಆದ್ದರಿಂದ ತನ್ನ ಮರದಲ್ಲೇ ಅದು ಸಿಗುವುದಿಲ್ಲ. ಒಂಟಿ ಆಲದ ಕಣಜ ಗಾಳಿ ಹಿಡಿದು ಬಹುದೂರ ಹೋಗಬೇಕು. ಇಲ್ಲಿ ನೂರಾರು ಮರ ಸಾಲಾಗಿವೆ, ಒಂದೊಂದರ ಹದ ಒಂದೊಂದು ಬಗೆ. ಹತ್ತು ಮರದಾಚೆ ಅದಕ್ಕೆ ಬೇಕಾದ ಕಾಯಿ ಇರುತ್ತದೆ. ನೆರಳಿಗೆಂದು ಹಾಕಿದ ಸಾಲು ಕಣಜಕ್ಕೂ ಬದುಕಾಯಿತು.

ಹಣ್ಣಾದ ಮರವನ್ನು ಹುಡುಕಬೇಕಿಲ್ಲ, ಸದ್ದೇ ಹೇಳುತ್ತದೆ. ಗೊರವಂಕ, ಕೋಗಿಲೆ, ಪಿಕಳಾರ, ಕುಟುರ ಎಲ್ಲವೂ ಅಲ್ಲಿ. ರಾತ್ರಿ ಪಾಳಿ ಬಾವಲಿಗಳದು. ಬೆಳಗ್ಗೆ ಮರದ ಬುಡದಲ್ಲಿ ರಸ್ತೆ ಕೆಂಪಗೆ ಅಂಟಂಟಾಗಿರುತ್ತದೆ, ದ್ವಿಚಕ್ರ ವಾಹನದವರು ಹುಷಾರಾಗಿ ಹೋಗಬೇಕು. ಈ ಹಕ್ಕಿ ಬಾವಲಿಗಳು ಹಿಕ್ಕೆಯಲ್ಲಿ ಬೀಜ ಹೊತ್ತು ಹೋಗಿ ಸುತ್ತಲಿನ ಬಂಡೆ ಸಂದಿ, ತಾಳೆ ಮರ, ಹಳೆ ಬಾವಿಯ ಕಟ್ಟೆಗಳಲ್ಲಿ ಹಾಕುತ್ತವೆ. ಹುಲಿಕಲ್ ಸುತ್ತ ಯಾರೂ ನೆಡದ ಆಲದ ಮರಿ ಕಂಡರೆ ಅದು ಈ ಸಾಲಿನ ಮೊಮ್ಮಗು ಇರಬಹುದು.

ಭರಣಿ ಮಳೆ ಗುಡುಗಿನೊಂದಿಗೆ ಬರುತ್ತದೆ. ಮೊದಲ ಹನಿಗಳು ಎಲೆಯ ಮೇಲೆಯೇ ಉಳಿದುಬಿಡುತ್ತವೆ. ಆಚೆ ಹೊಲದಲ್ಲಿ ಮಣ್ಣು ನೆಂದು ವಾಸನೆ ಎದ್ದರೂ ಸಾಲಿನಡಿಯ ರಸ್ತೆ ಇನ್ನೂ ಒಣಗಿರುತ್ತದೆ. ಮಳೆ ನಿಂತ ಮೇಲೆ ಇಲ್ಲಿ ಮಳೆ ಶುರು. ಅರ್ಧ ಗಂಟೆ ಎಲೆ ತೊಟ್ಟಿಕ್ಕುತ್ತದೆ. ಆಷಾಢದಲ್ಲಿ ಮಳೆಗಿಂತ ಗಾಳಿ ಹೆಚ್ಚು. ಪಡುವಣ ಗಾಳಿ ದಿನವಿಡೀ ಬೀಸಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಮೊರೆತ ಎದ್ದಿರುತ್ತದೆ. ಮಾತಾಡಿಕೊಂಡು ನಡೆಯುವವರು ಗಂಟಲೇರಿಸಬೇಕು.

ಬಿಳಲನ್ನು ನೋಡಬೇಕಾದರೆ ಮಳೆಗಾಲದಲ್ಲೇ ನೋಡಬೇಕು. ಬೇಸಿಗೆಯಲ್ಲಿ ಕಂದು ದಾರದಂತೆ ಒಣಗಿ ಜೋಲುವ ಬಿಳಲಿನ ತುದಿಯಲ್ಲಿ ಈಗ ಎರಡು ಮೂರು ಅಂಗುಲ ಎಳೆಯ ಬೇರು ಹೊರಟಿರುತ್ತದೆ. ತುದಿ ಬಿಳಿಹಳದಿ, ಮುಟ್ಟಿದರೆ ಮೆತ್ತಗೆ ತಣ್ಣಗೆ, ಚಿವುಟಿದರೆ ಹಾಲು ಬರುತ್ತದೆ. ಆ ತುದಿ ಮಣ್ಣು ಮುಟ್ಟಿದರೆ ಕೆಲವೇ ವರ್ಷಗಳಲ್ಲಿ ತೊಲೆಯಾಗಿ ಕೊಂಬೆಗೆ ಊರೆ ಕೊಡುತ್ತದೆ. ಬೆಂಗಳೂರಿನ ಬಳಿಯ ರಾಮೋಹಳ್ಳಿಯ ದೊಡ್ಡ ಆಲದ ಮರದಲ್ಲಿ ಮೂಲ ಬೊಡ್ಡೆ ಸತ್ತುಹೋಗಿ, ಇಂದು ನಿಂತಿರುವುದೆಲ್ಲ ಬಿಳಲುಗಳೇ. ಆದರೆ ರಸ್ತೆ ಬದಿಯ ಆಲಕ್ಕೆ ಆ ಭಾಗ್ಯ ಸುಲಭವಲ್ಲ. ರಸ್ತೆಯ ಕಡೆ ಇಳಿದ ಬಿಳಲನ್ನು ಬಸ್ಸು, ಹುಲ್ಲಿನ ಲೋಡು ಕಿತ್ತುಕೊಂಡು ಹೋಗುತ್ತವೆ. ಹೊಲದ ಕಡೆ ಇಳಿದದ್ದನ್ನು ಉಳುವವನು ಸವರುತ್ತಾನೆ. ಹಗ್ಗಕ್ಕೆ, ಹಲ್ಲುಜ್ಜುವುದಕ್ಕೆ, ಉಯ್ಯಾಲೆಗೆ ಉಳಿದವರು ಕೀಳುತ್ತಾರೆ. ಊರೆಯಿಲ್ಲದ ಉದ್ದ ಕೊಂಬೆ ತನ್ನ ತೂಕ ತಾನೇ ಹೊತ್ತು ಹೊತ್ತು ಆಷಾಢದ ಒಂದು ಗಾಳಿಗೆ ಸಿಗಿದು ಬೀಳುತ್ತದೆ. ಸೀಳಿದ ಗಾಯದಲ್ಲಿ ನೀರು ನಿಂತು ಬೊಡ್ಡೆ ಕೊಳೆಯುತ್ತದೆ. ಕೊಲ್ಕತ್ತದ ಬಳಿಯ ಸಸ್ಯೋದ್ಯಾನದ ಮಹಾ ಆಲದಲ್ಲಿ ಎಳೆ ಬಿಳಲುಗಳನ್ನು ಬಿದಿರಿನ ಕೊಳವೆಯೊಳಗೆ ಇಳಿಸಿ ನೆಲ ಮುಟ್ಟಿಸುತ್ತಾರೆ. ಇಲ್ಲಿಯೂ ಮರಕ್ಕೊಂದರಂತೆ, ರಸ್ತೆ ಮತ್ತು ಹೊಲದ ನಡುವಿನ ಓಣಿಗೆ ಒಂದು ಬಿಳಲನ್ನಾದರೂ ಹಾಗೆ ಇಳಿಸಿದರೆ ಈ ಮರಗಳು ಇನ್ನೆಷ್ಟೋ ಕಾಲ ಬಾಳುತ್ತವೆ. ಬಿದಿರು ಸಿಗದ ಊರೇನಲ್ಲ.

ಹೊಲದವರ ಮಾತು ಬಂತಲ್ಲ, ಅವರ ಪಾಲನ್ನೂ ಹೇಳಬೇಕು. ಆಲದ ನೆರಳು ಬಿದ್ದಷ್ಟು ಜಾಗದಲ್ಲಿ ರಾಗಿ ಕುಳ್ಳಾಗಿ, ತೆನೆ ಸಣ್ಣದಾಗಿ ಬರುತ್ತದೆ. ಬೇರು ಗೊಬ್ಬರ ಎಳೆದುಕೊಳ್ಳುತ್ತದೆ. ಹಕ್ಕಿಗಳ ಕಾಟ ಬೇರೆ. ರಸ್ತೆಗೆ ತಾಗಿದ ಹೊಲದವರು ಪ್ರತಿವರ್ಷ ಕೆಲವು ಸೇರು ರಾಗಿಯನ್ನು ಈ ಸಾಲಿಗೆ ಬಿಟ್ಟುಕೊಡುತ್ತ ಬಂದಿದ್ದಾರೆ. ರಾತ್ರೋರಾತ್ರಿ ಬುಡಕ್ಕೆ ಬೆಂಕಿ ಇಟ್ಟು ಮರ ಒಣಗಿಸುವ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಆ ಕೆಲಸಕ್ಕೆ ಇಳಿಯದೆ ಈ ಸಾಲನ್ನು ನಿಲ್ಲಗೊಟ್ಟ ಹೊಲದವರಿಗೆ ಯಾವ ಪ್ರಶಸ್ತಿಯೂ ಇಲ್ಲ. ಅವರ ಮನೆಯವರೂ ಇದೇ ನೆರಳಲ್ಲಿ ಕುದೂರಿಗೆ ಹೋಗಿ ಬರುತ್ತಾರೆ ಎಂಬುದಷ್ಟೇ ಅವರಿಗೆ ಸಿಕ್ಕ ಪ್ರತಿಫಲ.

ಹಿಂಗಾರು ಕಳೆದ ಮೇಲೆ ನವೆಂಬರ್, ಡಿಸೆಂಬರಿನಲ್ಲಿ ರಾಗಿ ಕೊಯ್ಲು. ಈಗ ಕಣ ಮಾಡುವವರು ಕಡಿಮೆ, ತೆನೆ ತಂದು ಟಾರಿನ ಮೇಲೆ ಹರವುತ್ತಾರೆ, ಓಡಾಡುವ ವಾಹನಗಳೇ ಒಕ್ಕಣೆ ಮಾಡುತ್ತವೆ. ತೆನೆಗೆ ಬಿಸಿಲು ಬೇಕು. ಹಾಗಾಗಿ ಸಾಲು ಕಡಿದ ಕಿಂಡಿಗಳಿಗೆ ಈ ಎರಡು ತಿಂಗಳು ಭಾರೀ ಬೇಡಿಕೆ. ಮಧ್ಯಾಹ್ನ ಹೆಂಗಸರು ಅಲ್ಲೇ ನಿಂತು ತೂರುತ್ತಾರೆ, ಹೊಟ್ಟು ಹಾರಿ ಪಕ್ಕದ ಆಲದ ಕೆಳ ಎಲೆಗಳ ಮೇಲೆ ಕೂರುತ್ತದೆ, ಮುಂದಿನ ಮಳೆಯವರೆಗೂ ಅಲ್ಲೇ ಇರುತ್ತದೆ. ಆಮೇಲೆ ಅವರೆ. ಮಾಗಡಿ ಅವರೆಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ದೊಡ್ಡ ಹೆಸರಿದೆ. ಮಾಗಿಯ ಮಂಜು ಇರುವಾಗ ಕಿತ್ತ ಕಾಯಿಯ ಸೊಗಡು ಕೈಗೆ ಅಂಟಿದರೆ ಸಂಜೆಯಾದರೂ ಹೋಗದು. ನಸುಕಿನಲ್ಲಿ ಚೀಲ ತುಂಬಿಕೊಂಡು ಟೆಂಪೊ ಹೊರಡುವಾಗ ಹೆಡ್‌ಲೈಟಿನ ಬೆಳಕಿಗೆ ಮಂಜಿನಲ್ಲಿ ಬೊಡ್ಡೆಗಳು ಒಂದೊಂದಾಗಿ ಕಾಣಿಸಿಕೊಂಡು ಹಿಂದೆ ಸರಿಯುತ್ತವೆ. ಸಂಕ್ರಾಂತಿ ಕಳೆದರೆ ಮತ್ತೆ ಎಲೆ ಹಣ್ಣಾಗತೊಡಗುತ್ತದೆ.

ಈ ಸಾಲಿಗೆ ಕೊಡಲಿಯ ಭಯ ಬಂದದ್ದು 2019ರಲ್ಲಿ. ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದ ಯೋಜನೆ ಈ ದಾರಿಯನ್ನೂ ಒಳಗೊಂಡಿತ್ತು. ಪದ್ಮಶ್ರೀ ಬಂದು ಕೆಲವೇ ತಿಂಗಳಾಗಿತ್ತು. ನೂರು ದಾಟಿದ ತಿಮ್ಮಕ್ಕ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರಿಗೆ ಮರಗಳನ್ನು ಉಳಿಸಿಕೊಡಿ ಎಂದು ಕೇಳಿಕೊಂಡರು. ಬದಲಿ ದಾರಿ ನೋಡುವುದಾಗಿ ಸರ್ಕಾರ ಹೇಳಿತು, ಮರಗಳು ಉಳಿದವು.

ಉಳಿಸಿದ್ದು ತಿಮ್ಮಕ್ಕನ ಹೆಸರು. ಹೆಸರಿಲ್ಲದವರು ಬೆಳೆಸಿದ ಸಾಲುಗಳಿಗೆ ಆ ಅದೃಷ್ಟ ಇರಲಿಲ್ಲ. ಬೆಂಗಳೂರು–ಮೈಸೂರು ಹಳೆಯ ರಸ್ತೆಯ ಎರಡೂ ಬದಿಗೆ ಇದ್ದ ಮರಗಳನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಹಳೆ ಮೈಸೂರು ಸೀಮೆಯ ರಸ್ತೆಗಳಲ್ಲಿ ಆಲ, ಹುಣಸೆ, ಹೊಂಗೆ, ಹಿಪ್ಪೆ, ನೇರಳೆ ಸಾಲು ಹಾಕುವುದು ವಾಡಿಕೆಯಾಗಿತ್ತು, ಹುಣಸೆಯ ಫಸಲನ್ನು ವರ್ಷ ವರ್ಷ ಹರಾಜು ಹಾಕುತ್ತಿದ್ದರು. ಆ ಸಸಿಗಳಿಗೂ ಯಾರೋ ನೀರು ಹೊತ್ತಿದ್ದರು, ಮುಳ್ಳು ಕಟ್ಟಿದ್ದರು. ಅವರು ರಸ್ತೆ ಕೂಲಿಗಳು, ಗ್ಯಾಂಗ್‌ಮನ್‌ಗಳು. ಅವರ ಹೆಸರು ಯಾವ ಕಡತದಲ್ಲೂ ಉಳಿಯಲಿಲ್ಲ. ರಸ್ತೆ ಅಗಲವಾಗುವಾಗ ಎದ್ದು ನಿಂತು ಕೇಳುವವರಿರಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದ್ದರೂ ರಸ್ತೆಯ ಹೆಸರು ಹೇಳಿದರೆ ಅನುಮತಿ ಸಿಕ್ಕಿಬಿಡುತ್ತದೆ. ಒಂದು ಕಡಿದರೆ ಹತ್ತು ನೆಡುತ್ತೇವೆ ಎಂಬ ಮಾತು ಆದೇಶದಲ್ಲಿರುತ್ತದೆ. ಆ ಹತ್ತಕ್ಕೆ ಮೂರು ಬೇಸಿಗೆ ನೀರು ಹೊರುವವರು ಯಾರು ಎಂದು ಆದೇಶ ಹೇಳುವುದಿಲ್ಲ.

ತಿಮ್ಮಕ್ಕ 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 114ರ ವಯಸ್ಸಿನಲ್ಲಿ. ಮಾಗಡಿ ತಾಲ್ಲೂಕು ಅವರ ಬಾಳಿನಲ್ಲಿ ಬೆಂಗಳೂರು ಜಿಲ್ಲೆಯಿಂದ ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರಕ್ಕೆ ಸೇರಿತ್ತು, ಕೊನೆಯ ವರ್ಷದಲ್ಲಿ ಆ ಜಿಲ್ಲೆಯೇ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದಿತ್ತು. ಮರಗಳ ಪಾಲನೆ ಈಗ ಸರ್ಕಾರದ ಹೊಣೆ. ಹುಲಿಕಲ್ಲಿನಲ್ಲಿ ಹೆರಿಗೆ ಆಸ್ಪತ್ರೆ ಬೇಕೆಂದು ಅವರು ವರ್ಷಗಟ್ಟಲೆ ಕೇಳುತ್ತ ಬಂದದ್ದನ್ನೂ ಸರ್ಕಾರ ಮರೆಯಬಾರದು.

ಸಾಲಿನ ಕಿಂಡಿಗಳನ್ನು ತುಂಬುವ ಕೆಲಸ ಬಾಕಿ ಇದೆ. ಎಪ್ಪತ್ತು ವರ್ಷ ದಾಟಿದ ಮರಗಳಲ್ಲಿ ವರ್ಷಕ್ಕೊಂದೆರಡು ಬೀಳುವುದು ಸಹಜ. ಅಲ್ಲಿ ಇದೇ ಸಾಲಿನ ಕೊಂಬೆ ತಂದು ಆರಿದ್ರ ಮಳೆಯಲ್ಲಿ ನೆಟ್ಟು, ಮುಳ್ಳು ಕಟ್ಟಿ, ಮೂರು ಬೇಸಿಗೆ ನೀರು ಕೊಡಲು ಉದ್ಯೋಗ ಖಾತರಿಯ ಇಬ್ಬರು ಆಳು ಸಾಕು. ಟಾರು, ಕಾಂಕ್ರೀಟು ಬೊಡ್ಡೆಯ ಬುಡದವರೆಗೆ ಬರದಂತೆ ಒಂದು ಮಾರು ಮಣ್ಣು ಬಿಡಬೇಕು. ವಿದ್ಯುತ್ ತಂತಿಗೆ ತಾಗುತ್ತದೆಂದು ಒಂದೇ ಬದಿಯ ಕೊಂಬೆಗಳನ್ನು ಸವರಿದರೆ ಮರ ಇನ್ನೊಂದು ಬದಿಗೆ ವಾಲುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ನೋಡಬೇಕೆನ್ನುವವರು ಬೆಂಗಳೂರು–ಕುಣಿಗಲ್ ಹೆದ್ದಾರಿಯಿಂದ ಕುದೂರಿಗೆ ತಿರುಗಿ, ಅಲ್ಲಿ ವಾಹನ ಬಿಟ್ಟು ಹುಲಿಕಲ್ಲಿಗೆ ನಡೆದೇ ಹೋಗಿ. ಸುಮಾರು ಒಂದು ಗಂಟೆಯ ನಡಿಗೆ. ಚಿಗುರಿಗೆ ಯುಗಾದಿಯ ಆಸುಪಾಸು, ಹಕ್ಕಿಗೆ ಮೇ ತಿಂಗಳು, ಬಿಳಲಿಗೆ ಶ್ರಾವಣ. ನೀರಿನ ಬಾಟಲಿ ಒಯ್ಯುವವರು ವಾಪಸು ಬರುವಾಗ ಉಳಿದ ನೀರನ್ನು ಹೊಸ ಸಸಿ ಕಂಡಲ್ಲಿ ಸುರಿದು ಬನ್ನಿ.